ಮೀಸೆ ಬೇಕೋ, ಮೀನು ಬೇಕೋ? | ಮುರುಡೇಶ್ವರ – ನೇತ್ರಾಣಿ ವ್ಲಾಗ್

ಇದು ಬೆಳಗ್ಗೆ ಐದೂವರೆ. ನೇತ್ರಾಣಿ ದ್ವೀಪದ ಹತ್ರ ನೀರೊಳಗೆ ಮೀನು ನೋಡೋ ಸ್ಕೂಬಾ ಡೈವಿಂಗ್‌ಗೆ ಅಂತ ಮುರುಡೇಶ್ವರಕ್ಕೆ ಬಂದಿದೀನಿ. ಕ್ಯಾಮೆರಾ ಅಲ್ಲಾಡ್ತಿದೆ ಅಂತ ಬೈಬೇಡಿ, ಬೆನ್ನ ಮೇಲೆ ಹದಿನಾಲ್ಕು ಕೆ.ಜಿ. ಇದೆ. ಬೆಂಗಳೂರಿನ ಬಸ್ಸು ಹೆದ್ದಾರಿಯಲ್ಲೇ ಕಮಾನಿನ ಹತ್ರ ಇಳಿಸಿ ಹೋಯ್ತು. ಆಟೋದವರು ಹೇಳಿದ ರೇಟು ಕೇಳಿ ರೋಷಕ್ಕೆ ನಡ್ಕೊಂಡೇ ಹೊರಟೆ. ಹತ್ತು ನಿಮಿಷಕ್ಕೆ ರೋಷ ಇಳೀತು. ಅಷ್ಟೊತ್ತಿಗೆ ಆಟೋನೂ ಇರಲಿಲ್ಲ.

ಗೋಪುರ, 20 ಅಂತಸ್ತು. ಹಿಂದೆ ಶಿವ, 123 ಅಡಿ. ಇದನ್ನ ಎಲ್ಲರೂ ತೋರಿಸಿದಾರೆ, ಓಡಿಸ್ತೀನಿ.

ಹಾಂ, ಈ ಟೇಬಲ್. ಬನ್ಸ್ ತಿನ್ನೋಕೆ ಜಾಗ ಸಿಗದೆ ಮೂರು ಜನ ಒಂದೇ ಟೇಬಲ್ಲಿಗೆ ಬಿದ್ವಿ. ಎದುರಿಗೆ ಕೂತಿರೋ ಅಕ್ಕ ಹುಬ್ಬಳ್ಳಿಯವರು, ಬ್ಯಾಂಕಲ್ಲಿ ಕೆಲಸ, ರಿಟೈರ್ ಆಗೋಕೆ ಎರಡು ವರ್ಷ ಇದೆ. ಗಂಡನಿಗೆ ನೀರಂದ್ರೆ ಭಯವಂತೆ, ಅದಕ್ಕೆ ಒಬ್ಬರೇ ಬಂದಿದಾರೆ. ಅವರಿಗೂ ಈಜು ಬರಲ್ಲ, ಅದು ಬೇರೆ ಮಾತು. ಪಕ್ಕದ ಗಡ್ಡಧಾರಿ ಜರ್ಮನಿಯವನು. ಗೋಕರ್ಣದಲ್ಲಿ ಹತ್ತು ದಿನ ಇದ್ದು ಬೇಜಾರಾಗಿ ಲೋಕಲ್ ಬಸ್ಸಲ್ಲಿ ಬಂದವನು. ಎಣ್ಣೇಲಿ ಕರಿದಿದ್ದು ತಿಂದು ಬೋಟ್ ಹತ್ತಬೇಡಿ ಅಂತ ಡೈವಿಂಗ್‌ನವರು ಮೊದಲೇ ಹೇಳಿದ್ರು. ಮೂರೂ ಜನ ತಿಂದ್ವಿ.

ಬೋಟ್. ನೇತ್ರಾಣಿ ದಡದಿಂದ ಹತ್ತತ್ರ 19 ಕಿ.ಮೀ., ಒಂದೂವರೆ ಗಂಟೆ. ಶಿವ ಹೆಬ್ಬೆರಳಷ್ಟಾಗ್ತಾ ಬಂದ ನೋಡಿ. ಇಲ್ಲಿ ಆಡಿಯೋ ತೆಗೆದಿದೀನಿ. ಯಾಕೆ ಅಂತ ಕೇಳಬೇಡಿ, ಬನ್ಸು.

ಈಗ ನೀರಿಗೆ ಇಳಿದೆ. ಈ ನಗು ಎಷ್ಟೊತ್ತು ಇರುತ್ತೆ ನೋಡ್ತಿರಿ. ಹೋಯ್ತು.

ನಡೆದಿದ್ದು ಇಷ್ಟು. ಕಣ್ಣು, ಮೂಗು ಮುಚ್ಚೋ ಡೈವಿಂಗ್ ಮಾಸ್ಕಿನ ಅಂಚು ಚರ್ಮಕ್ಕೆ ಅಂಟಿ ಕೂತ್ರೆ ನೀರು ಒಳಗೆ ಬರಲ್ಲ. ಮೂಗಿನ ಕೆಳಗೆ ನನಗೆ ಚರ್ಮ ಎಲ್ಲಿದೆ? ಮೀಸೆ ಇದೆ. ಕೂದಲಿನ ಸಂದೀಲಿ ನೀರು ನುಗ್ಗಿತು. ಮೇಲಂಚು ಒತ್ತಿ ಹಿಡಿದು, ತಲೆ ಎತ್ತಿ, ಮೂಗಲ್ಲಿ ಉಸಿರು ಬಿಟ್ರೆ ನೀರು ಹೊರಗೆ ಹೋಗುತ್ತೆ ಅಂತ ಟ್ರೈನರ್ ದಡದಲ್ಲೇ ಹೇಳಿಕೊಟ್ಟಿದ್ದ. ನಾನು ಗಾಬರೀಲಿ ಮೂಗಲ್ಲಿ ಉಸಿರು ಎಳ್ಕೊಂಡೆ. ಅರಬ್ಬೀ ಸಮುದ್ರ ನೆತ್ತಿಗೆ ಹತ್ತಿತು. ಐದು ಸಾವಿರದ ಚಿಲ್ಲರೆ ಕೊಟ್ಟಿದೀನಿ, ನೋಡಿದ್ದು ನನ್ನ ಮಾಸ್ಕಿನ ಒಳಗಿನ ನೀರು.

ವಾಪಸ್ ಬೋಟ್ ಹತ್ತಿದೆ, ಪಂಚಾಯ್ತಿ ಶುರುವಾಯ್ತು. ಟ್ರೈನರ್ ತಮಿಳುನಾಡಿನ ಹುಡುಗ, ಅಂಡಮಾನ್‌ನಲ್ಲಿ ಕೆಲಸ ಕಲಿತವನು. ತೆಗೆದುಬಿಡಿ ಸರ್ ಅಂದ. ತೆಗೆಯೋದಾ! ನಮ್ಮ ಹಾಸನದ ಕಡೆ ಅಪ್ಪ ಇರುವಾಗ ಮಗ ಮೀಸೆ ಬೋಳಿಸಿದ್ರೆ ಮನೆ ಒಳಗೆ ಸೇರಿಸಲ್ಲ. ಅಕ್ಕ ಆಗಲೇ ಒಂದು ಸುತ್ತು ಮುಗಿಸಿ ಮೇಲೆ ಬಂದಿದ್ರು. ತಲೆ ಒರೆಸ್ಕೋತಾ, “ಏನ್ರೀ, ಮೀಸಿ ಬೇಕೋ, ಮೀನ ಬೇಕೋ? ಒಂದ್ ಹೇಳ್ರಿ” ಅಂದ್ರು. ಬೋಟಿನವರು ಮಾತ್ರ, “ಅಡ್ಡಿಲ್ಲ ಮಾರಾಯ್ರೆ, ಮೇಲಿಂದ್ಲೇ ನೋಡಿ” ಅಂತ ನನ್ನ ಪರ. ಅವರೇ ದ್ವೀಪದ ಕಡೆ ಕೈ ತೋರಿಸಿ, ಮೀನುಗಾರರು ಅಲ್ಲಿರೋ ಜಟ್ಟಿಗ ದೇವರಿಗೆ ಹರಕೆ ಹೊತ್ತು ಆಡು ತಂದು ಬಿಡ್ತಾರೆ ಅಂದ್ರು. ಆ ಬಂಡೆ ಮೇಲೆ ಕಾಣ್ತಿರೋದು ಆಡು ಅಂತ ನಾನು. ಕಲ್ಲು ಅಂತ ಅಕ್ಕ. ಝೂಮ್ ಮಾಡಿದೀನಿ, ನೀವೇ ಹೇಳಿ.

ನನಗೆ ತಲೆಕೆಟ್ಟಿದ್ದು ಜರ್ಮನಿಯವನನ್ನ ನೋಡಿ. ಎದೆವರೆಗೆ ಗಡ್ಡ, ಮಾಸ್ಕಲ್ಲಿ ಒಂದು ಹನಿ ನೀರಿಲ್ಲ! ಕೇಳಿದ್ರೆ ಮೂಗು ಮೇಲೆತ್ತಿ ತೋರಿಸಿದ. ಮೂಗಿನ ಬುಡದಲ್ಲಿ ಒಂದು ಗೆರೆಯಷ್ಟು ಮಾತ್ರ ಬೋಳಿಸಿದಾನೆ, ಎದುರಿಂದ ಗೊತ್ತೇ ಆಗಲ್ಲ. ಕಳ್ಳ. ಟೀ ಕುಡಿಯುವಾಗಲೇ ಹೇಳೋಕೇನಾಗಿತ್ತು? ರೇಜರ್ ಯಾರ ಹತ್ರಾನೂ ಇಲ್ಲ. ಕೊನೆಗೆ ಅಕ್ಕನ ಲಿಪ್ ಬಾಮ್ ಅರ್ಧ ಡಬ್ಬಿ ನನ್ನ ಮೀಸೆಗೆ ಹೋಯ್ತು. ಸ್ಟ್ರಾಬೆರಿ ವಾಸನೆ.

ಎರಡನೇ ಸಲ. ಸ್ವಲ್ಪ ಸೋರಿತು, ಸೋರಲಿ. ಕೆಳಗೆ ಇಳೀತಾ ಒತ್ತಡಕ್ಕೆ ಕಿವಿ ಕಟ್ಟುತ್ತೆ, ಮೂಗು ಹಿಡಿದು ಊದಿದ್ರೆ ಟಪ್ ಅಂತ ಬಿಡುತ್ತೆ. ಹತ್ತು ಮೀಟರ್ ಕೆಳಗೆ ಹೋದ್ರೆ ಒತ್ತಡ ಮೇಲಿನ ಎರಡರಷ್ಟು, ಪ್ರತಿ ಒಂದೆರಡು ಅಡಿಗೂ ಊದ್ತಾ ಇರಬೇಕು. ಈ ಹಸಿರು ಮೀನು ಪ್ಯಾರಟ್‌ಫಿಶ್. ಹವಳದ ಕಲ್ಲು ಕೆರೆದು ತಿಂದು ಮರಳು ಹೇತು ಹೋಗುತ್ತೆ. ತಮಾಷೆಯಲ್ಲ, ನಿಜ. ಒಂದು ಹತ್ತು ಸೆಕೆಂಡ್ ಮಾತಾಡಲ್ಲ, ನೋಡಿ.

...

ಬೆಳಗ್ಗೆ ಈ ಊರಿಗೆ ಇನ್ನೊಂದು ಸಲ ಕಾಲಿಡಲ್ಲ ಅಂದಿದ್ದೆ, ಆ ಕ್ಲಿಪ್ ತೆಗೆದುಹಾಕಿದೀನಿ. ಆಮೆ ಮಾತ್ರ ನನಗೆ ಸಿಗಲಿಲ್ಲ. ಅಕ್ಕನಿಗೆ ಸಿಕ್ಕಿತಂತೆ. ಊಟಕ್ಕೆ ಕೂತಾಗ ನಾಲ್ಕು ಸಲ ಹೇಳಿದ್ರು, ಪ್ರತಿ ಸಲ ಆಮೆ ಒಂದು ಗೇಣು ದೊಡ್ಡದಾಯ್ತು.

ಇದು ಮಾರನೇ ದಿನ, ಪೇಟೆ ಸಲೂನ್. ಇನ್ನೊಂದು ಡೈವ್‌ಗೆ ದುಡ್ಡು ಕಟ್ಟಿಬಿಟ್ಟಿದೀನಿ. ಮೂಗಿನ ಬುಡದಲ್ಲಿ ಒಂದು ಗೆರೆ ಅಂತ ಎಷ್ಟು ಹೇಳಿದ್ರೂ ಅವರಿಗೆ ಅರ್ಥ ಆಗ್ತಿಲ್ಲ. ಜರ್ಮನಿಯವನೇ ಒಳಗೆ ಬಂದು ಮೂಗು ಎತ್ತಿ ತೋರಿಸ್ತಿದಾನೆ. ಬ್ಯಾಟರಿ ಕೆಂಪಾಯ್ತು. ಅಪ್ಪಾ, ನೀವು ನೋಡ್ತಿದ್ರೆ, ಮೀಸೆ ಇದೆ. ಎದುರಿಂದ ನೋಡಿ, ಎದುರಿಂದ...