ಒಂಬತ್ತನೇ ಗೋಲಿನ ತನಕ

ಎಲ್ಲರಿಗೂ ನಮಸ್ಕಾರ. ಇವತ್ತು ಪ್ಯಾಟ್ರಿಕ್ ರುವಾ ಬಗ್ಗೆ ಮಾತಾಡೋಣ. ಬರೆಯೋದನ್ನ ನೋಡಿ ಹೊರಗಿನವರು ರಾಯ್ ಅಂದುಬಿಡ್ತಾರೆ. ಆದರೆ ಅವನು ಕೆನಡಾದ ಕ್ವೆಬೆಕ್ ಸಿಟಿಯವನು, ಫ್ರೆಂಚ್ ಮಾತಾಡೋ ಊರು ಅದು, ಅಲ್ಲಿ ರುವಾ ಅಂತಲೇ ಕರೆಯೋದು. ಐಸ್ ಹಾಕಿ ಕಂಡ ದೊಡ್ಡ ಗೋಲಿಗಳಲ್ಲಿ, ಅಂದರೆ ಗೋಲು ಕಾಯೋರಲ್ಲಿ, ಒಬ್ಬ, ಆಮೇಲೆ ಕೋಚ್ ಆದವನು.

1995ರ ಡಿಸೆಂಬರ್ 2, ಮಾಂಟ್ರಿಯಲ್. ರುವಾ ಮಾಂಟ್ರಿಯಲ್ ತಂಡದ ಗೋಲಿ, ಎದುರಾಳಿ ಡೆಟ್ರಾಯಿಟ್. ಗೋಲಿನ ಮೇಲೆ ಗೋಲು ಬೀಳ್ತಾ ಇದೆ. ಐಸ್ ಹಾಕಿಯಲ್ಲಿ ಗೋಲಿಯನ್ನ ಯಾವಾಗ ಬೇಕಾದರೂ ಬದಲಾಯಿಸಬಹುದು. ನಾಲ್ಕೋ ಐದೋ ಗೋಲು ಬಿದ್ದರೆ ಕೋಚ್ ಸನ್ನೆ ಮಾಡಿ ಒಳಗೆ ಕರೀತಾನೆ, ಅದು ಮರ್ಯಾದೆ ಉಳಿಸೋ ರೀತಿ. ಅವತ್ತು ಕೋಚ್ ಮಾರಿಯೋ ಟ್ರಾಂಬ್ಲೆ ಕರೀಲಿಲ್ಲ. ಒಂದು ಸುಲಭದ ಹೊಡೆತ ತಡೆದಾಗ ಸ್ವಂತ ತಂಡದ ಅಭಿಮಾನಿಗಳೇ ಅಣಕಿಸಿ ಚಪ್ಪಾಳೆ ಹೊಡೆದರು. ರುವಾ ಎರಡೂ ಕೈ ಮೇಲೆತ್ತಿ ಆ ಅಣಕವನ್ನ ಅವರಿಗೇ ವಾಪಸ್ ಕೊಟ್ಟ. ಒಂಬತ್ತನೇ ಗೋಲು ಬಿದ್ದ ಮೇಲೆ ಅವನನ್ನ ಹೊರಗೆ ಕರೆದರು. ಬೆಂಚಿಗೆ ಬಂದವನು ಕೋಚ್‌ನ ಮುಂದೆ ಹಾದುಹೋಗಿ, ತಿರುಗಿ ಬಂದು, ಹಿಂದಿನ ಸಾಲಿನಲ್ಲಿ ಕೂತಿದ್ದ ಕ್ಲಬ್ಬಿನ ಅಧ್ಯಕ್ಷ ರೊನಾಲ್ಡ್ ಕೋರೆ ಕಡೆ ಬಗ್ಗಿ, ಮಾಂಟ್ರಿಯಲ್ ಪರ ಇದೇ ನನ್ನ ಕೊನೇ ಆಟ ಅಂದ. ಪಂದ್ಯ ಮುಗಿದಿದ್ದು 11-1ಕ್ಕೆ. ನಾಲ್ಕೇ ದಿನದಲ್ಲಿ ಅವನನ್ನ ಕೊಲೊರಾಡೊಗೆ ಕೊಟ್ಟುಬಿಟ್ಟರು.

ಯಾರನ್ನ ಕೊಟ್ಟರು ನೋಡಿ. 1986ರಲ್ಲಿ, ಇಪ್ಪತ್ತರ ಹುಡುಗನಾಗಿ, ಅದೇ ಮಾಂಟ್ರಿಯಲ್‌ಗೆ ಉತ್ತರ ಅಮೆರಿಕದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ಚಾಂಪಿಯನ್ನರಿಗೆ ಸಿಗೋ ಸ್ಟ್ಯಾನ್ಲಿ ಕಪ್ ತಂದುಕೊಟ್ಟವನನ್ನ. 1993ರ ಪ್ಲೇಆಫ್‌ನಲ್ಲಿ, ಅಂದರೆ ಲೀಗ್ ಪಂದ್ಯಗಳು ಮುಗಿದ ಮೇಲೆ ಕಪ್‌ಗಾಗಿ ನಡೆಯೋ ನಾಕೌಟ್ ಸರಣಿಗಳಲ್ಲಿ, ಓವರ್‌ಟೈಮ್‌ಗೆ ಹೋದ ಹತ್ತು ಪಂದ್ಯಗಳನ್ನ ಸಾಲಾಗಿ ಗೆಲ್ಲಿಸಿದವನನ್ನ. ಮೊಣಕಾಲೂರಿ, ಪ್ಯಾಡುಗಳನ್ನ ಚಿಟ್ಟೆಯ ರೆಕ್ಕೆ ಹಾಗೆ ಎರಡೂ ಕಡೆ ಚಾಚಿ ಗೋಲಿನ ಕೆಳಭಾಗ ಪೂರ್ತಿ ಮುಚ್ಚೋ ಬಟರ್‌ಫ್ಲೈ ಶೈಲಿಯನ್ನ ಒಂದು ಪೀಳಿಗೆಗೇ ಹಿಡಿಸಿದವನು ಇವನು. ಗೋಲುಕಂಬಗಳ ಜೊತೆ ಮಾತಾಡ್ತಿದ್ದ ಕೂಡ! ಕೊಲೊರಾಡೊದಲ್ಲಿ ಆ ಋತುವಿನಲ್ಲೇ ಕಪ್ ಗೆದ್ದ, 2001ರಲ್ಲಿ ಮತ್ತೊಂದು. 2003ರಲ್ಲಿ ನಿವೃತ್ತನಾದಾಗ ಲೀಗ್ ಪಂದ್ಯಗಳಲ್ಲಿ 551 ಗೆಲುವು.

ಗೋಲಿಯಾಗಿದ್ದವನು ಹೆಡ್ ಕೋಚ್ ಆಗಲಾರ ಅನ್ನೋ ಮಾತು ಈ ಆಟದಲ್ಲಿ ಹಳೇದು. ಅವನ ಕೆಲಸವೇ ಬೇರೆ, ಅಭ್ಯಾಸವೇ ಬೇರೆ, ದಾಳಿ ಕಟ್ಟೋದು ಅವನಿಗೇನು ಗೊತ್ತು ಅಂತಾರೆ. ಎನ್‌ಎಚ್‌ಎಲ್‌ನಲ್ಲಿ ಎಮಿಲ್ ಫ್ರಾನ್ಸಿಸ್, ಜೆರ್ರಿ ಚೀವರ್ಸ್ ಥರದವರು ಬೆರಳೆಣಿಕೆಯಷ್ಟು ಜನ ಮಾತ್ರ ಆ ಜಾಗಕ್ಕೆ ಬಂದಿದ್ದಾರೆ. ನನಗೆ ಈ ಮಾತು ಒಪ್ಪಿಗೆ ಇಲ್ಲ. ಮಿಕ್ಕವರೆಲ್ಲ ಮುಕ್ಕಾಲು ನಿಮಿಷ ಓಡಿ ಬೆಂಚಿಗೆ ಬಂದು ಉಸಿರು ಬಿಡ್ತಾರೆ. ಗೋಲಿ ಅರವತ್ತು ನಿಮಿಷವೂ ಅಲ್ಲೇ. ಇಡೀ ಮೈದಾನ ಅವನ ಕಣ್ಣ ಮುಂದೆ. ಯಾರು ತನ್ನ ಜಾಗ ಬಿಟ್ಟ, ಯಾರು ಸುಸ್ತಾದ, ಪಾಸ್ ಯಾವ ಕಡೆ ಹೊರಟಿದೆ, ಎಲ್ಲ ಮೊದಲು ಗೊತ್ತಾಗೋದು ಅವನಿಗೇ.

ರುವಾ ಕೋಚಿಂಗ್ ಶುರು ಮಾಡಿದ್ದು ತನ್ನೂರಿನ ಹುಡುಗರ ತಂಡ ರೆಂಪಾರ್ಸ್‌ನಲ್ಲಿ. 2006ರಲ್ಲಿ ಜೂನಿಯರ್ ತಂಡಗಳ ದೊಡ್ಡ ಟ್ರೋಫಿ ಮೆಮೋರಿಯಲ್ ಕಪ್ ಗೆದ್ದ. 2013ರಲ್ಲಿ ಕೊಲೊರಾಡೊ ಕರೀತು. ಹಿಂದಿನ ಋತುವಿನಲ್ಲಿ ಲೀಗ್‌ನಲ್ಲಿ ಕೊನೆಯಿಂದ ಎರಡನೇ ಸ್ಥಾನದಲ್ಲಿದ್ದ ತಂಡ ಅವನ ಕೈಗೆ ಬಂದ ಮೊದಲ ವರ್ಷವೇ 52 ಪಂದ್ಯ ಗೆದ್ದಿತು. ವರ್ಷದ ಕೋಚ್‌ಗೆ ಕೊಡೋ ಜ್ಯಾಕ್ ಆಡಮ್ಸ್ ಪ್ರಶಸ್ತಿ ಅವನಿಗೇ ಬಂತು.

ಆ ವರ್ಷದ ಪ್ಲೇಆಫ್‌ನ ಮೊದಲ ಪಂದ್ಯ, ಮಿನೆಸೋಟ ವಿರುದ್ಧ. ಒಂದು ಗೋಲು ಹಿಂದೆ ಇದ್ದಾರೆ, ಸುಮಾರು ಮೂರು ನಿಮಿಷ ಬಾಕಿ. ರುವಾ ಗೋಲಿಯನ್ನ ಒಳಗೆ ಕರೆಸಿಕೊಂಡು ಅವನ ಬದಲಿಗೆ ಇನ್ನೊಬ್ಬ ದಾಳಿಗಾರನನ್ನ ಇಳಿಸಿದ. ಹಿಂದೆ ಗೋಲು ಖಾಲಿ, ಕಾಯೋರಿಲ್ಲ. ಆ ಕಾಲದ ಕೋಚ್‌ಗಳು ಇದಕ್ಕೆ ಕೊನೇ ನಿಮಿಷದ ತನಕ ಕಾಯ್ತಿದ್ದರು. ಗಡಿಯಾರದಲ್ಲಿ ಹದಿಮೂರು ಸೆಕೆಂಡ್ ಉಳಿದಿದ್ದಾಗ ಪಾಲ್ ಸ್ಟಾಸ್ನಿ ಗೋಲು ಹೊಡೆದು ಸಮ ಮಾಡಿದ. ಓವರ್‌ಟೈಮ್‌ನಲ್ಲಿ ಗೆಲ್ಲಿಸಿದ್ದೂ ಅವನೇ. ಸರಣಿ ಏಳನೇ ಪಂದ್ಯದಲ್ಲಿ ಕೈತಪ್ಪಿತು, ನಿಜ. ಆದರೆ ಗೋಲು ಕಾಯೋದೇ ಜೀವನವಾಗಿದ್ದವನು ಅದನ್ನ ಖಾಲಿ ಬಿಡೋ ಧೈರ್ಯ ಮಾಡಿದ್ದು ನನಗೆ ಆ ಟ್ರೋಫಿಗಿಂತ ದೊಡ್ಡದು. ಇವತ್ತು ಲೀಗ್‌ನಲ್ಲಿ ಎರಡು ಮೂರು ನಿಮಿಷ ಮೊದಲೇ ಗೋಲಿಯನ್ನ ತೆಗೆಯೋದು ಮಾಮೂಲು.

ಮೆಚ್ಚೋ ಭರದಲ್ಲಿ ತಪ್ಪನ್ನ ಮುಚ್ಚಿಡಲ್ಲ. ಆ ಕೆಲಸದ ಮೊದಲ ಪಂದ್ಯದಲ್ಲೇ ಎದುರಾಳಿ ಕೋಚ್ ಮೇಲೆ ರೇಗಿ, ಎರಡು ಬೆಂಚುಗಳ ನಡುವಿನ ಗಾಜಿನ ತಡೆಯನ್ನೇ ದೂಡಿ ವಾಲಿಸಿ, 10,000 ಡಾಲರ್ ದಂಡ ಕಟ್ಟಿದ. 2016ರ ಆಗಸ್ಟ್‌ನಲ್ಲಿ, ತಂಡದ ತೀರ್ಮಾನಗಳಲ್ಲಿ ತನ್ನ ಮಾತಿಗೆ ಬೆಲೆ ಸಾಲದು ಅಂತ ರಾಜೀನಾಮೆ ಕೊಟ್ಟು ಹೊರಟ. ಋತು ಶುರುವಾಗೋಕೆ ಸುಮಾರು ಎರಡು ತಿಂಗಳಷ್ಟೇ ಬಾಕಿ ಇತ್ತು. ಟ್ರಾಂಬ್ಲೆ ಮುಂದೆ ಹಾದುಹೋದಾಗಿನ ಅದೇ ಹಠ. 1995ರಲ್ಲಿ ನಾನು ಅವನ ಪರ. 2016ರಲ್ಲಿ ಅಲ್ಲ, ಅವತ್ತು ಅವನ ಹಿಂದೆ ಒಂದಿಡೀ ತಂಡ ಇತ್ತು.

ಮತ್ತೆ ಊರಿಗೆ ಹೋದ, ಮತ್ತೆ ರೆಂಪಾರ್ಸ್, ಬಸ್ಸಿನಲ್ಲಿ ಹುಡುಗರ ಜೊತೆ ಓಡಾಟ. 2023ರ ಮೆಮೋರಿಯಲ್ ಕಪ್ ಫೈನಲ್‌ನಲ್ಲಿ ಸಿಯಾಟಲ್ ವಿರುದ್ಧ 5-0. ಎದುರಾಳಿಗೆ ಒಂದು ಗೋಲೂ ಇಲ್ಲ. 2024ರ ಜನವರಿಯಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಋತುವಿನ ನಡುವೆ ಅವನನ್ನ ಕರೆದುಕೊಂಡಿತು. ಮರುದಿನವೇ ಡಲ್ಲಾಸ್ ಜೊತೆ ಪಂದ್ಯ. ಅದು ಓವರ್‌ಟೈಮ್‌ಗೆ ಹೋಯಿತು, ರುವಾನ ತಂಡ 3-2ರಿಂದ ಗೆದ್ದಿತು.