ಒಂದು ನಿಮಿಷದ ಉಸಿರು

ಕೇಳುಗರಿಗೆ ನಮಸ್ಕಾರ.

ಆಷಾಢದ ಒಂದು ಬೆಳಿಗ್ಗೆ, ತೀರ್ಥಹಳ್ಳಿ ಕಡೆಯ ಆರೋಗ್ಯ ಕೇಂದ್ರವೊಂದಕ್ಕೆ ತಾಯಿಯೊಬ್ಬರು ಹತ್ತು ತಿಂಗಳ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ದಡಾರದ ಲಸಿಕೆ ಹಾಕಿಸಲು ಬಂದಿದ್ದರು. "ಶೀತ ಆಗಿದೆ ಅಕ್ಕಾ, ಜ್ವರ ಏನೂ ಇಲ್ಲ" ಎಂದರು. ನಾನು ಮಗುವಿನ ಅಂಗಿಯನ್ನು ಮೇಲೆತ್ತಿದೆ. ಪ್ರತಿ ಉಸಿರಿಗೂ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿತ್ತು. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿದಾಗ 58 ಬಂತು. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗುವಿಗೆ ಈ ಎಣಿಕೆ 50 ಮುಟ್ಟಿದರೆ ಅದು ನ್ಯುಮೋನಿಯಾದ ಲಕ್ಷಣ. ಒಂದು ವರ್ಷ ದಾಟಿದ ಮೇಲೆ 40. ಪಕ್ಕೆ ಸೆಳೆತ ಕಂಡರಂತೂ ತಡಮಾಡದೆ ಆಸ್ಪತ್ರೆ ಸೇರಬೇಕು.

ಆ ತಾಯಿ ರಾತ್ರಿಯಿಡೀ ಮಗುವಿನ ಹಣೆ ಮುಟ್ಟಿ ನೋಡಿದ್ದರು. ಅದು ತಣ್ಣಗಿದ್ದುದರಿಂದ ಸಮಾಧಾನಪಟ್ಟಿದ್ದರು. ಇದನ್ನು ಅಲಕ್ಷ್ಯ ಎನ್ನಲು ನಾನು ಒಪ್ಪುವುದಿಲ್ಲ. ನೋಡಬೇಕಾದದ್ದು ಹಣೆಯನ್ನಷ್ಟೇ ಅಲ್ಲ, ಪಕ್ಕೆಯನ್ನೂ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಮ್ಮ ತಾಯಂದಿರ ಗಮನಿಕೆ ಬಹುಪಾಲು ಸರಿಯಾಗಿಯೇ ಇರುತ್ತದೆ, ಕಾರಣ ಮಾತ್ರ ತಪ್ಪಿರುತ್ತದೆ. ಮಳೆ ಹಿಡಿದರೆ ಮಕ್ಕಳಿಗೆ ಕೆಮ್ಮು ಬರುತ್ತದೆ ಎನ್ನುವುದು ನಿಜ. ಆದರೆ ಬಾಗಿಲು ಕಿಟಕಿ ಮುಚ್ಚಿ, ಒಲೆಯ ಸುತ್ತ ಬಟ್ಟೆ ಒಣಹಾಕಿ, ಶಾಲೆಯಿಂದ ಕೆಮ್ಮಿಕೊಂಡು ಬಂದ ಅಣ್ಣನ ಪಕ್ಕದಲ್ಲೇ ತಮ್ಮನನ್ನು ಮಲಗಿಸುವ ಆ ದಿನಗಳಲ್ಲಿ ರೋಗಾಣು ಒಬ್ಬರಿಂದ ಒಬ್ಬರಿಗೆ ದಾಟಲು ಬೇಕಾದದ್ದೆಲ್ಲ ಮನೆಯೊಳಗೇ ಸಿಗುತ್ತದೆ, ಸಾಲದ್ದಕ್ಕೆ ಸೌದೆಯ ಹೊಗೆ ಎಳೆಯ ಶ್ವಾಸಕೋಶವನ್ನು ಇನ್ನಷ್ಟು ಬಲಹೀನಗೊಳಿಸುತ್ತದೆ. ಹಲ್ಲು ಬರುವಾಗ ಭೇದಿಯಾಗುತ್ತದೆ ಎನ್ನುವ ಅಜ್ಜಿಯ ಮಾತೂ ಹಾಗೆಯೇ. ಮಗು ಅಂಬೆಗಾಲಿಟ್ಟು ನೆಲದ ಮೇಲಿನದನ್ನೆಲ್ಲ ಬಾಯಿಗಿಡುವುದೂ, ಮೇಲಿನ ಆಹಾರ ಶುರುವಾಗುವುದೂ ಹಲ್ಲು ಮೂಡುವ ಹೊತ್ತಿಗೇ. ಭೇದಿಗೆ ಕಾರಣ ಹಲ್ಲಲ್ಲ, ಕೊಳಕು ಕೈ ಮತ್ತು ಮಳೆನೀರು ಇಳಿದ ಬಾವಿಯ ಕುದಿಸದ ನೀರು. ಹಲ್ಲಿನ ಭೇದಿ ತಾನೇ ನಿಲ್ಲುತ್ತದೆ ಎಂದು ಕಾಯುವ ಎರಡು ದಿನಗಳಲ್ಲಿ ಮಗುವಿನ ಕಣ್ಣು ಗುಳಿಬೀಳುತ್ತದೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಬೇಗ ಮೊದಲಿನಂತಾಗುವುದಿಲ್ಲ. ಮೊದಲ ನೀರುಭೇದಿಯಿಂದಲೇ ಓಆರ್‌ಎಸ್ ಕುಡಿಸಬೇಕು, ಎದೆಹಾಲು ನಿಲ್ಲಿಸಬಾರದು, ವೈದ್ಯರು ಕೊಟ್ಟ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರೈಸಬೇಕು.

ಭಯದ ವಿಷಯದಲ್ಲೂ ಒಂದು ಮಾತು ಹೇಳಬೇಕೆನಿಸುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ಹೆಸರು ಕೇಳಿದರೆ ಮಲೆನಾಡಿನ ಯಾವ ತಾಯಿಯೂ ಎಚ್ಚರಗೊಳ್ಳುತ್ತಾಳೆ, ಅದು ಸರಿಯೇ. ಆದರೆ ಅದು ಉಣುಗಿನಿಂದ ಬರುವ ರೋಗ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ನಾಯಿಕೆಮ್ಮು ಹರಡುತ್ತದೆ. ದೊಡ್ಡವರಲ್ಲಿ ಅದು ಬಿಡದ ಒಣಕೆಮ್ಮಿನಂತಷ್ಟೇ ಕಾಣಿಸಬಹುದು. ಅದೇ ಸೋಂಕು ಬಾಣಂತಿ ಕೋಣೆಯ ಕೂಸಿಗೆ ತಗುಲಿದರೆ ಉಸಿರೇ ನಿಂತುಹೋಗಬಹುದು. ಇದರ ಲಸಿಕೆಯ ಮೊದಲ ಡೋಸು ಆರು ವಾರಕ್ಕೆ. ಮೂರು ಡೋಸು ಮುಗಿಯುವುದು ಹದಿನಾಲ್ಕು ವಾರಕ್ಕೆ. ಅಲ್ಲಿಯವರೆಗೆ, ತೊಟ್ಟಿಲು ಶಾಸ್ತ್ರಕ್ಕೆ ಬಂದ ನೆಂಟರು ಕೆಮ್ಮುತ್ತಿದ್ದರೆ "ಕೂಸನ್ನು ಎತ್ತಬೇಡಿ" ಎಂದು ಹೇಳುವ ಧೈರ್ಯವನ್ನು ಬಾಣಂತಿಗಿಂತ ಮೊದಲು ಅವಳ ಅತ್ತೆ ಮತ್ತು ತಾಯಿ ತೋರಿಸಬೇಕು. ಇಪ್ಪತ್ತರ ಹುಡುಗಿಯೊಬ್ಬಳ ಮೇಲೆ ಆ ಭಾರ ಹಾಕುವುದು ನ್ಯಾಯವಲ್ಲ.

ದಡಾರದ ಮಾತೂ ಇಷ್ಟೇ. ಗುಳ್ಳೆ ಎದ್ದ ಮೇಲೆ ಬಾಗಿಲಿಗೆ ಬೇವು ಕಟ್ಟಿ ಮಗುವನ್ನು ಬೇರೆ ಮಲಗಿಸುತ್ತಾರೆ, ಆದರೆ ಗುಳ್ಳೆ ಕಾಣಿಸುವ ನಾಲ್ಕು ದಿನ ಮೊದಲೇ ಅದು ಹರಡತೊಡಗಿರುತ್ತದೆ. ಒಂಬತ್ತು ತಿಂಗಳು ತುಂಬಿದಾಗ ಒಂದು ಡೋಸು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಇನ್ನೊಂದು; ತಾಯಿ ಕಾರ್ಡ್‌ನಲ್ಲಿ ಎರಡೂ ದಿನಾಂಕಗಳಿವೆಯೇ ಎಂದು ಈ ಸಂಜೆಯೇ ನೋಡಿಕೊಳ್ಳಿ. ಮಗು ಹಾಲು ಕುಡಿಯದಿದ್ದರೆ, ಕುಡಿದದ್ದೆಲ್ಲ ಕಕ್ಕಿದರೆ, ಎಬ್ಬಿಸಿದರೂ ಏಳದಿದ್ದರೆ ಅಥವಾ ಫಿಟ್ಸ್ ಬಂದರೆ, ಮಳೆ ನಿಲ್ಲಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.

ಆ ಹತ್ತು ತಿಂಗಳ ಮಗು ಐದು ದಿನ ಆಸ್ಪತ್ರೆಯಲ್ಲಿದ್ದು ಗುಣವಾಯಿತು. ಮುಂದಿನ ತಿಂಗಳು ಲಸಿಕೆಗೆ ಬಂದಾಗ, ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದವಳ ಮಗು ಕೆಮ್ಮುತ್ತಿತ್ತು. ನಮ್ಮ ತಾಯಿ ಅವಳ ಕಡೆ ತಿರುಗಿ, "ಅಂಗಿ ಸ್ವಲ್ಪ ಎತ್ತೇ, ಪಕ್ಕೆ ನೋಡಣ" ಎಂದು ಗೋಡೆಯ ಗಡಿಯಾರದತ್ತ ಕಣ್ಣಿಟ್ಟು ಎಣಿಸತೊಡಗಿದರು. ಒಂದೂವರೆ ವರ್ಷದ ಆ ಮಗುವಿನ ಎಣಿಕೆ 34 ಬಂತು.

ನಮಸ್ಕಾರ.