ಹಿಂದಿನ ಸಾಲಿನ ಚೀಲ

ಕೇಳುಗರಿಗೆ ನಮಸ್ಕಾರ. ಇಂದು ನಿಮ್ಮ ಮನೆಯ ಸಾರಿಗೆ ಬೆಂದ ತೊಗರಿಬೇಳೆ ಕಲಬುರಗಿಯದೇ ಎಂದು ನೀವು ನಂಬಿರಬಹುದು. ಇರಲೂಬಹುದು. ಆದರೆ ದೇಶದ ಬೆಳೆ ಸಾಲದೆ ಮ್ಯಾನ್ಮಾರ್‌ನಿಂದಲೂ ಮೊಜಾಂಬಿಕ್‌ನಿಂದಲೂ ತೊಗರಿ ಹಡಗೇರಿ ಬರುತ್ತದೆ. ಮ್ಯಾನ್ಮಾರ್‌ನ ಕಾಳು ಇಳಿಯುವ ಬಂದರುಗಳಲ್ಲಿ ಕೋಲ್ಕತ್ತವೂ ಒಂದು. ನಮ್ಮ ಪ್ರಮುಖ ಬಂದರುಗಳಲ್ಲಿ ನದಿಯ ಮೇಲಿರುವುದು ಇದೊಂದೇ. ಕಡಲಿನಿಂದ ಸುಮಾರು 200 ಕಿಲೋಮೀಟರ್ ಒಳಗಿರುವ ಧಕ್ಕೆಗೆ ಹಡಗುಗಳು ಹೂಗ್ಲಿಯ ಉಬ್ಬರ ನೋಡಿಕೊಂಡು ಬರಬೇಕು.

ಕಾಳಿಗೆ ಈ ಪ್ರಯಾಣ ಸುಖದ್ದಲ್ಲ. ಹಗಲು ಕಾದ ಕಂಟೇನರ್ ರಾತ್ರಿ ತಣಿದಾಗ, ಕಾಳು ಬಿಟ್ಟ ತೇವ ತಗಡಿನ ಮಾಡಿನಲ್ಲಿ ಹನಿಗಟ್ಟಿ ಮೇಲಿನ ಚೀಲಗಳ ಮೇಲೆಯೇ ತೊಟ್ಟಿಕ್ಕುತ್ತದೆ. ಬಾಗಿಲು ತೆರೆದ ಆಹಾರ ಸುರಕ್ಷತಾ ಅಧಿಕಾರಿಗೆ ಮೊದಲು ಬೇಕಾಗುವುದು ಮೂಗು. ಮುಗ್ಗಲು ವಾಸನೆ ಬಂತೋ, ಕಾಗದಪತ್ರ ಎಷ್ಟು ಚೊಕ್ಕಟವಾಗಿದ್ದರೂ ಸಂಶಯ ಶುರು. ಪೊಟ್ಟಣದ ಸರಕಿಗೆ ಹಸಿರು ಚುಕ್ಕೆ ಹಾಕಲು ಮರೆತಿದ್ದರೆ ಕಸ್ಟಮ್ಸ್ ಗೋದಾಮಿನಲ್ಲೇ ಚೀಟಿ ಅಂಟಿಸಲು ಅವಕಾಶವಿದೆ. ಬೂಷ್ಟಿಗೆ ಅಂಟಿಸುವ ಚೀಟಿ ಇಲ್ಲ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಸಾಂಕ್ರಾಮಿಕವೆಂದು ಹುಡುಕಿದರು, ರೋಗಾಣು ಸಿಗಲಿಲ್ಲ. ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ ಬೂಷ್ಟು ಬಿಟ್ಟುಹೋಗಿದ್ದ ವಿಷ. ಅದೇ ಅಫ್ಲಟಾಕ್ಸಿನ್. ಯಕೃತ್ತಿಗೆ ಕುತ್ತು ತರುವ ಇದು ಕುಕ್ಕರಿನ ಮೂರು ಕೂಗಿಗೆಲ್ಲ ಬಗ್ಗುವುದಿಲ್ಲ. ನಮ್ಮಲ್ಲಿ ಬೇಳೆಕಾಳಿಗೆ ಇದರ ಮಿತಿ ಕಿಲೋಗೆ 15 ಮೈಕ್ರೋಗ್ರಾಂ. ಅಂದರೆ ಒಂದು ಟನ್ ಕಾಳಿನಲ್ಲಿ ನಾಲ್ಕೈದು ಸಾಸಿವೆಯ ತೂಕದಷ್ಟು.

ಕಷ್ಟವೆಂದರೆ, ವಿಷ ಎಲ್ಲ ಚೀಲಗಳಿಗೂ ಸಮನಾಗಿ ಹಂಚಿಹೋಗಿರುವುದಿಲ್ಲ. ನೂರು ಚೀಲದಲ್ಲಿ ಒಂದು ಮೂಲೆ ಕೆಟ್ಟಿರುತ್ತದೆ, ಉಳಿದದ್ದು ಚಿನ್ನದಂತಿರುತ್ತದೆ. ಮಾದರಿಯನ್ನು ಎರಡು ಪಾಲು ಮಾಡಿ, ಒಂದನ್ನು ಪ್ರಯೋಗಾಲಯಕ್ಕೆ ಕಳಿಸಿ, ಇನ್ನೊಂದನ್ನು ಮೇಲ್ಮನವಿಗೆಂದು ಕಾಯ್ದಿಡುತ್ತಾರೆ. ಪ್ರಯೋಗಾಲಯ ಐದು ದಿನದಲ್ಲಿ ವರದಿ ಕೊಡಬೇಕು. ಯಂತ್ರಗಳು ಎಷ್ಟೇ ದುಬಾರಿಯಾಗಿರಲಿ, ಅವು ನೋಡುವುದು ಧಕ್ಕೆಯಲ್ಲಿ ಒಬ್ಬ ಮನುಷ್ಯ ಆರಿಸಿಕೊಟ್ಟ ಆ ಒಂದಿಷ್ಟು ಕಾಳನ್ನು ಮಾತ್ರ. ನನ್ನ ಮಟ್ಟಿಗೆ ಇಡೀ ತಪಾಸಣೆ ನಿಂತಿರುವುದು ಅಲ್ಲಿಯೇ.

ಬಾಗಿಲ ಬಳಿಯ ಚೀಲಕ್ಕೆ ಚುಚ್ಚುವುದು ಸುಲಭ. ‘ಹಿಂದಿನ ಸಾಲಿನದನ್ನು ಎಳೆಯಿರಿ’ ಎಂದರೆ ಹಮಾಲಿಗಳ ಮುಖ ಗಂಟಾಗುತ್ತದೆ. ಬಂದರಿನ ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತಿರುವುದರಿಂದ ಏಜೆಂಟ್ ಗಡಿಯಾರ ನೋಡುತ್ತಾನೆ. ಅಧಿಕಾರಿ ಕದಲುವುದಿಲ್ಲ. ಚೀಲ ಹೊರಬರುತ್ತದೆ. ಚೂಪು ತುದಿಯ ಕೊಳವೆ ಸೆಣಬನ್ನು ಸೀಳಿ ತಳದವರೆಗೆ ಇಳಿಯುತ್ತದೆ, ಅಂಗೈ ಮೇಲೆ ಕಾಳು ಉದುರುತ್ತದೆ. ಅವರು ಅದನ್ನು ಮೂಗಿನ ಬಳಿ ಹಿಡಿಯುತ್ತಾರೆ.

ನಮಸ್ಕಾರ.